ನಿಮ್ಮ ಪ್ಯಾಕೆಟಿನ ಮೇಲಿನ ಹೆಸರು ಯಾರ ಸೊತ್ತು?

ಉಡುಪಿ-ಮಣಿಪಾಲ ಕಡೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. 'ನಾಯಿಯ ಚಿತ್ರದ ಬ್ಯಾಂಕ್' ಎಂದರೆ ಸಾಕು, ಅಕ್ಷರ ಓದಲು ಬಾರದ ಅಜ್ಜಿಯೂ ಸಿಂಡಿಕೇಟ್ ಬ್ಯಾಂಕ್ ಎಂದು ಗುರುತಿಸುತ್ತಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಈ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ಆರಂಭಿಸಿ, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಹಣ ಸಂಗ್ರಹಿಸಿತು. 2020ರ ಎಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕು ಹೋಯಿತು, ಚಿತ್ರ ಮಾತ್ರ ಜನರ ನೆನಪಿನಲ್ಲಿ ಇನ್ನೂ ಕೂತಿದೆ. ವ್ಯಾಪಾರದಲ್ಲಿ ಒಂದು ಚಿಹ್ನೆಯ ಬಲ ಅಂಥದ್ದು.

ಸಹೋದರಿಯರೇ, ಇಂದು ನಮ್ಮ ಮನೆಗಳಿಂದಲೇ ಎಷ್ಟೊಂದು ವ್ಯಾಪಾರ ನಡೆಯುತ್ತಿದೆ! ಕಾಪುವಿನಲ್ಲಿ ಒಬ್ಬರು ಮೀನಿನ ಮಸಾಲೆ ಪುಡಿ ಮಾಡಿ ಪ್ಯಾಕೆಟ್ ಹಾಕುತ್ತಾರೆ. ಕಾರ್ಕಳದಲ್ಲಿ ಇನ್ನೊಬ್ಬರು ಬುರ್ಖಾ, ನೈಟಿ ಹೊಲಿದು ಮಾರುತ್ತಾರೆ. ಮಣಿಪಾಲದ ಹಾಸ್ಟೆಲ್ ಮಕ್ಕಳಿಗೆ ಊಟ ಕಳುಹಿಸುವವರಿದ್ದಾರೆ, ಮದುಮಗಳಿಗೆ ಮದರಂಗಿ ಹಾಕುವವರಿದ್ದಾರೆ. ವಾಟ್ಸಾಪಿನಲ್ಲಿ ಆರ್ಡರ್ ಬರುತ್ತದೆ, ಒಂದು ಹೆಸರಿಟ್ಟುಕೊಂಡಿರುತ್ತೀರಿ, ಯಾರಿಂದಲೋ ಒಂದು ಲೋಗೋ ಮಾಡಿಸಿ ಸ್ಟಿಕ್ಕರ್ ಅಂಟಿಸಿರುತ್ತೀರಿ. ನಾಲ್ಕೈದು ವರ್ಷದಲ್ಲಿ ಆ ಹೆಸರಿಗೆ ಊರಿನಲ್ಲಿ ಒಂದು ವಿಶ್ವಾಸ ಹುಟ್ಟುತ್ತದೆ. ಆಗ ಬೇರೆ ಯಾರೋ ಅದೇ ಹೆಸರನ್ನು ತಮ್ಮ ಪ್ಯಾಕೆಟಿಗೆ ಹಾಕಿದರೆ ಏನು ಮಾಡುತ್ತೀರಿ? ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ: ಅವರೇ ಮೊದಲು ಹೋಗಿ ಅದನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡು ನಿಮಗೇ ನೋಟಿಸ್ ಕಳುಹಿಸಿದರೆ?

'ನನ್ನದು ರಿಜಿಸ್ಟ್ರಿ ಆಗಿದೆ' ಎಂದು ಹೇಳುವವರು ಬಹಳ. ಯಾವುದು ಎಂದು ಕೇಳಿದರೆ ಉದ್ಯಮ್ ಪ್ರಮಾಣಪತ್ರ ತೋರಿಸುತ್ತಾರೆ, ಇಲ್ಲವೇ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರು. ಇನ್ನು ಕೆಲವರು ಪಂಚಾಯತಿನ ಪರವಾನಗಿ ತೋರಿಸುತ್ತಾರೆ. ಇವೆಲ್ಲ ಬೇಕಾದ ಕಾಗದಗಳೇ. ಆದರೆ ಇವುಗಳಲ್ಲಿ ಒಂದೂ ನಿಮ್ಮ ಹೆಸರನ್ನು ಕಾಯುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಆ ಹೆಸರಿನ ಖಾತೆ ನಿಮ್ಮದಾಗಿರುವುದೂ ಲೆಕ್ಕಕ್ಕಿಲ್ಲ. ಹೆಸರು ಮತ್ತು ಲೋಗೋ ಕಾಯುವುದು ಟ್ರೇಡ್‌ಮಾರ್ಕ್ ಒಂದೇ. 1999ರ ಟ್ರೇಡ್‌ಮಾರ್ಕ್ ಕಾಯಿದೆ ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಈಗ ನಡೆಯುತ್ತಿರುವ ನಿಯಮಗಳು 2017ರವು. ವಕೀಲರ ಮೂಲಕವೇ ಅರ್ಜಿ ಹಾಕಬೇಕೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. ಮಾಲಕಿಯೇ ನೇರವಾಗಿ ಹಾಕಬಹುದು.

ಬೀಡಿಯ ಲೇಬಲ್ಲಿನ ಬೆಲೆ

ಒಂದು ಹೆಸರಿಗೆ ಎಷ್ಟು ಬೆಲೆ ಬರಬಹುದು ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಕಥೆಯಿದೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. (ಬೀಡಿಯ ಕೆಡುಕಿನ ವಿಷಯ ಇಲ್ಲಿ ಬೇಡ, ಅದು ಬೇರೆಯೇ ಲೇಖನದ ವಸ್ತು.) ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಒಂದು ಪಾಲುದಾರಿಕೆಯ ಸಂಸ್ಥೆಯಾಗಿತ್ತು. ಪಾಲುದಾರರಲ್ಲಿ ಭಿನ್ನಾಭಿಪ್ರಾಯ ಬಂದು ಸಂಸ್ಥೆ ವಿಸರ್ಜನೆಯಾದಾಗ, 1994ರಲ್ಲಿ ಪಾಲುದಾರರೊಳಗೇ ಏಲಂ ನಡೆಯಿತು. ಮೂವರು ಸೇರಿ 92 ಕೋಟಿ ರೂಪಾಯಿಗೆ ಅದನ್ನು ಪಡೆದರು. ಆ ಮೊತ್ತದಲ್ಲಿ ಒಂದು ದೊಡ್ಡ ಪಾಲು ಕಟ್ಟಡಕ್ಕೂ ಅಲ್ಲ, ಎಲೆ ಹೊಗೆಸೊಪ್ಪಿಗೂ ಅಲ್ಲ. ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ, ತಯಾರಿಕೆಯ ಜ್ಞಾನ ಇವುಗಳಿಗೆ. ಇದರ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2015ರಲ್ಲಿ ತೀರ್ಮಾನವಾಯಿತು. ಯಂತ್ರದ ಹಾಗೆ ಟ್ರೇಡ್‌ಮಾರ್ಕ್ ಕೂಡಾ ವ್ಯಾಪಾರದ ಸಾಧನವೇ ಎಂದು ಕೋರ್ಟು ಒಪ್ಪಿತು.

ಸಾವಿರ ಬೀಡಿಗೆ ಇಂತಿಷ್ಟು ಎಂದು ಮಜೂರಿ ಎಣಿಸಿಕೊಂಡವರ ಸೂಪಿನಲ್ಲಿ ದಿನವೂ ಹಾದುಹೋದ ಸರಕಿನ ಹೆಸರೇ ಕೋಟಿಗಟ್ಟಲೆ ಬಾಳುವ ಆಸ್ತಿಯಾಗಿತ್ತು ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಇಂದು ನೀವು ಕಟ್ಟುತ್ತಿರುವುದು ನಿಮ್ಮದೇ ಸರಕು, ಹೆಸರೂ ನಿಮ್ಮದೇ. ಹಾಗಿರುವಾಗ ಆ ಹೆಸರನ್ನು ಕಾಗದದಲ್ಲಿಯೂ ನಿಮ್ಮದಾಗಿಸಿಕೊಳ್ಳಬೇಡವೇ?

ಅರ್ಜಿ ಯಾರ ಹೆಸರಿನಲ್ಲಿ?

ಎಲ್ಲಕ್ಕಿಂತ ಮೊದಲು ಇದನ್ನು ತೀರ್ಮಾನಿಸಿ. ಏಕೆಂದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಒಲೆಯ ಮುಂದೆ ನಿಲ್ಲುವವಳು ತಾಯಿ ಅಥವಾ ಸೊಸೆ. ಕಂಪ್ಯೂಟರ್ ಮುಂದೆ ಕೂರುವವನು ಮಗ, ಮೈದುನ ಅಥವಾ ತಮ್ಮ. ಅರ್ಜಿ ತುಂಬಿಸುವಾಗ ಅವನ ಪ್ಯಾನ್ ಕಾರ್ಡ್ ಕೈಯಲ್ಲಿರುತ್ತದೆ, 'ಯಾರ ಹೆಸರಾದರೇನು' ಎಂದು ಅವನ ಹೆಸರೇ ಹಾಕಿಬಿಡುತ್ತಾರೆ. ದುರುದ್ದೇಶ ಇರಬೇಕೆಂದೇನೂ ಇಲ್ಲ. ಆದರೆ ಅರ್ಜಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಯಜಮಾನರು. ನಾಳೆ ಮನೆ ಪಾಲಾದಾಗ, ಸಂಬಂಧ ಕೆಟ್ಟಾಗ, ವ್ಯಾಪಾರ ಮಾರುವ ಮಾತು ಬಂದಾಗ ಈ ಒಂದು ಸಾಲು ದೊಡ್ಡದಾಗುತ್ತದೆ. ಟ್ರೇಡ್‌ಮಾರ್ಕ್ ಒಂದು ಆಸ್ತಿ. ಮಾರಬಹುದು, ಬರೆದು ಕೊಡಬಹುದು, ವಾರಸುದಾರರಿಗೆ ಹೋಗುತ್ತದೆ. ಹೆಣ್ಣಿನ ಸಂಪಾದನೆ ಅವಳದೇ ಎಂದು ನಾವು ಮಾತಿಗೆ ಹೇಳುವುದಿದೆಯಲ್ಲ, ಅದು ಈ ಅರ್ಜಿಯ ಮೊದಲ ಸಾಲಿನಲ್ಲಿಯೂ ಕಾಣಲಿ. ಇಬ್ಬರು ಅಕ್ಕತಂಗಿಯರು ಸೇರಿ ಮಾಡುವ ವ್ಯಾಪಾರವಾದರೆ ಇಬ್ಬರ ಹೆಸರನ್ನೂ ಹಾಕಬಹುದು.

ಲೋಗೋ ಬರೆದವರಿಂದಲೂ ಒಂದು ಕಾಗದ ಮಾಡಿಸಿಕೊಳ್ಳಬೇಕು. ಹಣ ಕೊಟ್ಟು ಮಾಡಿಸಿದ್ದೇವೆ, ಆದ್ದರಿಂದ ನಮ್ಮದೇ ಎಂದು ತಿಳಿದುಕೊಂಡಿರುತ್ತೇವೆ. ಕೃತಿಸ್ವಾಮ್ಯದ ಕಾಯಿದೆಯ ದೃಷ್ಟಿ ಬೇರೆ. ಚಿತ್ರ ರಚಿಸಿದವರೇ ಸಾಮಾನ್ಯವಾಗಿ ಅದರ ಮೊದಲ ಒಡೆಯರು. ಹಾಗಾಗಿ ಡಿಟಿಪಿ ಅಂಗಡಿಯವರಿರಲಿ, ಮಣಿಪಾಲದಲ್ಲಿ ಕಲಿಯುವ ಪರಿಚಯದ ಹುಡುಗಿಯಿರಲಿ, 'ಈ ಚಿತ್ರದ ಎಲ್ಲಾ ಹಕ್ಕುಗಳನ್ನು ಇಂಥವರಿಗೆ ಕೊಟ್ಟಿದ್ದೇನೆ' ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಮೊಬೈಲಿನಲ್ಲಿ ಸಿಗುವ ರೆಡಿಮೇಡ್ ಮಾದರಿಗಳಿಂದ ಲೋಗೋ ಮಾಡಿಕೊಂಡಿದ್ದರೆ ಅದನ್ನು ಬಿಟ್ಟು ಹೊಸದು ಬರೆಸುವುದೇ ಒಳ್ಳೆಯದು. ಅದೇ ಮಾದರಿಯನ್ನು ಸಾವಿರಾರು ಜನ ಬಳಸಿರುತ್ತಾರೆ, ಅದನ್ನು ಟ್ರೇಡ್‌ಮಾರ್ಕ್ ಮಾಡಬಾರದೆಂದು ಅವರ ಷರತ್ತಿನಲ್ಲೇ ಇರುತ್ತದೆ.

ಎಂತಹ ಹೆಸರು ನಿಲ್ಲುತ್ತದೆ?

'ರುಚಿ', 'ಶುದ್ಧ', 'ಹೋಮ್ ಫುಡ್ಸ್', 'ಸ್ಪೆಷಲ್ ಮಸಾಲ' ಇಂತಹ ಪದಗಳು ಸರಕಿನ ಗುಣವನ್ನು ಹೇಳುತ್ತವೆ. ಇವು ಎಲ್ಲ ವ್ಯಾಪಾರಿಗಳಿಗೂ ಬೇಕಾದ ಮಾತುಗಳಾದ್ದರಿಂದ ಒಬ್ಬರಿಗೇ ಬಿಟ್ಟುಕೊಡಲು ಕಾಯಿದೆಯ 9ನೆಯ ಕಲಂ ಒಪ್ಪುವುದಿಲ್ಲ. ಊರಿನ ಹೆಸರೂ ಹಾಗೆಯೇ. 'ಉಡುಪಿ ಹೋಟೆಲ್' ಎಂಬ ಬೋರ್ಡು ದೇಶದ ಮೂಲೆ ಮೂಲೆಯಲ್ಲಿದೆ. 'ಉಡುಪಿ' ಎಂಬ ಪದವನ್ನು ಒಬ್ಬರು ಕಟ್ಟಿಕೊಂಡು ಹೋಗಲಾದೀತೇ? ಕಾಪುವಿನವರು ಪ್ರೀತಿಯಿಂದ ತಮ್ಮ ಲೋಗೋದಲ್ಲಿ ದೀಪಸ್ತಂಭದ ಚಿತ್ರ ಹಾಕಿಕೊಳ್ಳುವುದುಂಟು. 1901ರ ಆ ದೀಪಸ್ತಂಭ ಊರಿನವರೆಲ್ಲರದು. ನಿಮ್ಮ ಲೋಗೋ ಒಟ್ಟಾರೆಯಾಗಿ ನೋಂದಣಿಯಾಗಬಹುದು, ಆದರೆ ಪಕ್ಕದ ಅಂಗಡಿಯವರು ಬೇರೆ ರೀತಿಯಲ್ಲಿ ದೀಪಸ್ತಂಭ ಬರೆದುಕೊಂಡರೆ ತಡೆಯುವುದು ಕಷ್ಟ.

ಊರಿನ ಹೆಸರಿಗೆ ಬೇರೆಯೇ ಒಂದು ರಕ್ಷಣೆಯಿದೆ, ಅದನ್ನು ಭೌಗೋಳಿಕ ಸೂಚಕ, ಜಿಐ ಎನ್ನುತ್ತಾರೆ. ಕಾಪು ತಾಲೂಕಿನ ಶಂಕರಪುರದಲ್ಲಿ ಅಟ್ಟೆ ಕಟ್ಟುವ ಸಹೋದರಿಯರಿಗೆ ಗೊತ್ತಿರಬಹುದು, ಉಡುಪಿ ಮಲ್ಲಿಗೆಗೆ ಆ ಮಾನ್ಯತೆ ಸಿಕ್ಕಿದೆ. ಮಟ್ಟುವಿನ ಗುಳ್ಳಕ್ಕೂ ಸಿಕ್ಕಿದೆ. ಅದು ಆ ಊರಿನ ಬೆಳೆಗಾರರೆಲ್ಲರಿಗೂ ಸೇರಿದ್ದು, ಒಬ್ಬರ ಖಾಸಗಿ ಹೆಸರಲ್ಲ.

ನಮ್ಮಲ್ಲಿ ಇನ್ನೊಂದು ರೂಢಿಯಿದೆ. ಬರಕತ್ತಿನ ಆಸೆಯಿಂದ ಪವಿತ್ರ ಹೆಸರುಗಳನ್ನು ಅಂಗಡಿಗೆ, ಸರಕಿಗೆ ಇಡುವುದು. ಕಾನೂನು ಇಲ್ಲಿ ಸ್ಪಷ್ಟವಾಗಿದೆ: ಯಾವುದೇ ಧರ್ಮದವರ ಭಾವನೆಗೆ ನೋವಾಗುವಂತಹ ಚಿಹ್ನೆ ನೋಂದಣಿಯಾಗದು. ಅಗರಬತ್ತಿಗೆ 'ರಾಮಾಯಣ' ಎಂಬ ಹೆಸರಿಟ್ಟ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ಕುರ್‌ಆನ್, ಬೈಬಲ್, ಗುರು ಗ್ರಂಥ ಸಾಹಿಬ್, ರಾಮಾಯಣ ಇಂತಹ ಪವಿತ್ರ ಗ್ರಂಥಗಳ ಹೆಸರನ್ನು ಯಾರೂ ತಮ್ಮ ಸರಕಿನ ಟ್ರೇಡ್‌ಮಾರ್ಕ್ ಎಂದು ಹಕ್ಕು ಸಾಧಿಸುವಂತಿಲ್ಲ ಎಂದು ಹೇಳಿತು. ಕಾನೂನಿನ ಮಾತು ಹಾಗಿರಲಿ, ಮಸಾಲೆ ಮುಗಿದ ಮೇಲೆ ಆ ಪ್ಯಾಕೆಟ್ ಎಲ್ಲಿ ಬೀಳುತ್ತದೆ? ಕಸದ ಬುಟ್ಟಿಯಲ್ಲಿ, ಚರಂಡಿಯಲ್ಲಿ. ಅದರ ಮೇಲೆ ಯಾವ ಅಕ್ಷರ ಇರಬೇಕು, ಯಾವುದು ಇರಬಾರದು ಎಂದು ನೀವೇ ಯೋಚಿಸಿ.

ಹಾಗಾದರೆ ಎಂತಹ ಹೆಸರು? ಸರಕಿಗೂ ಹೆಸರಿಗೂ ನೇರ ಸಂಬಂಧ ಇಲ್ಲದಿದ್ದಷ್ಟು ಬಲ ಜಾಸ್ತಿ. ಮಸಾಲೆಗೆ ಒಂದು ಹಕ್ಕಿಯ ಹೆಸರು, ಬಟ್ಟೆಗೆ ನೀವೇ ಕಟ್ಟಿದ ಒಂದು ಹೊಸ ಪದ, ಹೀಗೆ.

ಹೆಸರೋ, ಲೋಗೋವೋ? ಅಕ್ಷರವನ್ನು ಮಾತ್ರ ನೋಂದಾಯಿಸಬಹುದು, ಅಥವಾ ಚಿತ್ರ ಸಮೇತ. ಎರಡಕ್ಕೂ ಬೇರೆ ಬೇರೆ ಶುಲ್ಕ. ಕೈಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಲುವುದಾದರೆ, ಹೆಸರು ಗಟ್ಟಿಯಾಗಿದ್ದಲ್ಲಿ ಹೆಸರನ್ನೇ ಮೊದಲು ಮಾಡಿಸಿ ಎಂಬುದು ನನ್ನ ಅಭಿಪ್ರಾಯ. ನಾಳೆ ಲೋಗೋ ಬದಲಾಯಿಸಿದರೂ ಹೆಸರು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಹೆಸರು ಸಾಧಾರಣದ್ದಾಗಿದ್ದು ಚಿತ್ರ ವಿಶೇಷವಾಗಿದ್ದರೆ ಲೋಗೋ ಮೇಲು. ಲೋಗೋವನ್ನು ಕಪ್ಪು-ಬಿಳುಪಿನಲ್ಲಿ ಸಲ್ಲಿಸಿದರೆ ಎಲ್ಲ ಬಣ್ಣಗಳಿಗೂ ಅನ್ವಯಿಸುತ್ತದೆ. ಬಣ್ಣವೇ ನಿಮ್ಮ ಗುರುತಾಗಿದ್ದರೆ ಮಾತ್ರ ಬಣ್ಣದಲ್ಲಿ ಕೊಡಿ.

ಹುಡುಕಾಟಕ್ಕೆ ಒಂದು ಮಧ್ಯಾಹ್ನ

ಶುಲ್ಕ ಕಟ್ಟುವ ಮೊದಲು ಆ ಹೆಸರು ಬೇರೆಯವರದ್ದಾಗಿದೆಯೇ ಎಂದು ನೋಡಬೇಕು. ಐಪಿ ಇಂಡಿಯಾ ಎಂಬ ಸರಕಾರಿ ಜಾಲತಾಣದಲ್ಲಿ ಸಾರ್ವಜನಿಕ ಹುಡುಕಾಟ ಉಚಿತ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಬೇಕು. ನಮ್ಮ ಅರಬಿ, ಉರ್ದು, ಬ್ಯಾರಿ ಪದಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆಯುತ್ತಾರಲ್ಲ, ನಾಲ್ಕನ್ನೂ ಹಾಕಿ ನೋಡಿ. ಉಚ್ಚಾರಣೆಯಲ್ಲಿ ಹೋಲುವ ಹೆಸರುಗಳನ್ನು ಹುಡುಕುವ ಸೌಲಭ್ಯವೂ ಅಲ್ಲಿದೆ. ಚಿತ್ರಗಳಿಗೆ ವಿಯೆನ್ನಾ ಸಂಕೇತ ಎಂಬ ಸಂಖ್ಯೆಗಳಿವೆ. ಅರ್ಧಚಂದ್ರ, ತೆಂಗಿನಮರ, ದೋಣಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಆ ಸಂಖ್ಯೆ ಹಾಕಿ ಹುಡುಕಿದರೆ ಅಂತಹ ಲೋಗೋಗಳೆಲ್ಲ ತೆರೆದುಕೊಳ್ಳುತ್ತವೆ. ಅರ್ಧಚಂದ್ರದ ಲೋಗೋಗಳು ಅಲ್ಲಿ ರಾಶಿ ಬಿದ್ದಿವೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಹುಡುಕುವಾಗ 'ವರ್ಗ' ಕೇಳುತ್ತದೆ. ಎಲ್ಲ ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. 1ರಿಂದ 34 ಸರಕು, 35ರಿಂದ 45 ಸೇವೆ. ಮಸಾಲೆ, ಬಿಸ್ಕತ್ತು, ಕೇಕ್, ಸಿಹಿತಿಂಡಿ 30ರಲ್ಲಿ ಬರುತ್ತವೆ. ಉಪ್ಪಿನಕಾಯಿ, ಒಣಮೀನು 29ರಲ್ಲಿ. ಅತ್ತರು, ಸಾಬೂನು, ತಲೆಗೆ ಹಚ್ಚುವ ಎಣ್ಣೆ 3ರಲ್ಲಿ. ಬುರ್ಖಾ, ಚೂಡಿದಾರ ಮೊದಲಾದ ಉಡುಪುಗಳು 25. ಆದರೆ ಬೇರೆಯವರ ಬಟ್ಟೆ ತಂದು ಹೊಲಿದು ಕೊಡುವ ಟೈಲರಿಂಗ್ 40ನೆಯ ವರ್ಗದ ಸೇವೆ. ಊಟ, ಕೇಟರಿಂಗ್ 43. ಸೌಂದರ್ಯ ಸೇವೆ 44. ಶುಲ್ಕ ವರ್ಗಕ್ಕೊಂದರಂತೆ, ಮಸಾಲೆಯೂ ಉಪ್ಪಿನಕಾಯಿಯೂ ಬೇಕೆಂದರೆ ಎರಡು ಶುಲ್ಕ. ಆಸೆ ಬಿದ್ದು ಐದಾರು ವರ್ಗ ಹಾಕಬೇಡಿ. ಐದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದೆ ಬಿಟ್ಟ ಹೆಸರನ್ನು ತೆಗೆದುಹಾಕಿಸಲು ಇತರರಿಗೆ ಅವಕಾಶವಿದೆ.

ಅರ್ಜಿ

ಕರ್ನಾಟಕದವರ ಅರ್ಜಿಗಳೆಲ್ಲ ಚೆನ್ನೈನ ಗಿಂಡಿಯಲ್ಲಿರುವ ಟ್ರೇಡ್‌ಮಾರ್ಕ್ ಕಚೇರಿಗೆ ಸೇರುತ್ತವೆ. ನಮೂನೆಯ ಹೆಸರು ಟಿಎಂ-ಎ. ಅಂತರ್ಜಾಲದಲ್ಲಿ ಹಾಕಿದರೆ ವ್ಯಕ್ತಿಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಕಾಗದದಲ್ಲಿ ಕಳುಹಿಸಿದರೆ 5,000. ದೊಡ್ಡ ಕಂಪೆನಿಗಳಿಗೆ ಇದರ ಎರಡರಷ್ಟು. ಪಾಲುದಾರಿಕೆ ಸಂಸ್ಥೆಗಳು ಉದ್ಯಮ್ ಪ್ರಮಾಣಪತ್ರ ತೋರಿಸಿ ಸಣ್ಣ ಉದ್ಯಮವೆಂದು ಕಡಿಮೆ ಶುಲ್ಕ ಪಡೆಯಬಹುದು. ಅಂತರ್ಜಾಲದಲ್ಲಿ ಹಾಕಲು ಡಿಜಿಟಲ್ ಸಹಿ ಬೇಕು. ಅದಕ್ಕೆ ಬೇರೆ ಖರ್ಚಿದೆ. ಒಂದೇ ಅರ್ಜಿ ಹಾಕುವವರು ಎರಡನ್ನೂ ಲೆಕ್ಕ ಹಾಕಿ ನೋಡಲಿ.

ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಲೋಗೋದಲ್ಲಿ ಕನ್ನಡ, ಅರಬಿ ಅಥವಾ ಉರ್ದು ಅಕ್ಷರಗಳಿದ್ದರೆ ಅದರ ಉಚ್ಚಾರಣೆ ಮತ್ತು ಅರ್ಥ ಎರಡನ್ನೂ ಬರೆದು ಕೊಡಬೇಕು. ಇದನ್ನು ಬಿಟ್ಟು ಹಾಕಿದ ಅರ್ಜಿಗಳಿಗೆ ಅನಾವಶ್ಯಕ ತಕರಾರು ಬರುತ್ತದೆ.

ಅರ್ಜಿಯಲ್ಲಿ ಒಂದು ಮುಖ್ಯ ಪ್ರಶ್ನೆ: ಈ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ? ಇನ್ನೂ ಆರಂಭಿಸಿಲ್ಲವಾದರೆ 'ಬಳಸಲು ಉದ್ದೇಶಿಸಿದೆ' ಎಂದು ಹಾಕಿದರೆ ಸಾಕು. ಬಳಸುತ್ತಿದ್ದರೆ ಮೊದಲ ದಿನಾಂಕ ಕೊಟ್ಟು, ಅಫಿದವಿತ್ ಮಾಡಿಸಿ, ಪುರಾವೆ ಲಗತ್ತಿಸಬೇಕು. ಮೊದಲ ಬಾರಿ ಸ್ಟಿಕ್ಕರ್ ಮುದ್ರಿಸಿದ ಪ್ರೆಸ್ಸಿನ ಬಿಲ್ಲು, ಅಂಗಡಿಗೆ ಸರಕು ಹಾಕಿದ ರಶೀದಿ, ಮೇಳದಲ್ಲಿ ಸ್ಟಾಲ್ ಹಾಕಿದ್ದರೆ ಅದರ ಫೋಟೊ, ಆಹಾರ ಪರವಾನಗಿ, ಇವೆಲ್ಲ ಪುರಾವೆಗಳೇ. ಆದ್ದರಿಂದ ಹಳೆಯ ಬಿಲ್ಲುಗಳನ್ನು ಒಲೆಗೆ ಹಾಕಬೇಡಿ. ಈ ದಿನಾಂಕಕ್ಕೆ ಬಹಳ ಬೆಲೆಯಿದೆ: ನಮ್ಮ ಕಾನೂನಿನಲ್ಲಿ ಮೊದಲು ನೋಂದಾಯಿಸಿದವರಿಗಿಂತಲೂ ಮೊದಲಿನಿಂದ ಬಳಸಿಕೊಂಡು ಬಂದವರಿಗೆ ರಕ್ಷಣೆಯಿದೆ. ಆದರೆ ಅದನ್ನು ರುಜುವಾತು ಮಾಡಬೇಕು. ಇಲ್ಲದ ದಿನಾಂಕವನ್ನು ಹಾಕುವುದು ಸುಳ್ಳು ಪ್ರಮಾಣ, ಅದಕ್ಕೆ ಮಾತ್ರ ಕೈ ಹಾಕಬೇಡಿ.

ಇಮೇಲ್ ವಿಳಾಸದ ವಿಷಯ ಚಿಕ್ಕದೆನಿಸಬಹುದು. ಕಚೇರಿಯ ನೋಟಿಸುಗಳೆಲ್ಲ ಅಲ್ಲಿಗೇ ಬರುತ್ತವೆ. ಸೈಬರ್ ಸೆಂಟರಿನವರ ಇಮೇಲ್, ದುಬೈಯಲ್ಲಿರುವ ತಮ್ಮನ ಇಮೇಲ್ ಕೊಟ್ಟು ಕುಳಿತರೆ ನೋಟಿಸ್ ಬಂದದ್ದೇ ನಿಮಗೆ ಗೊತ್ತಾಗದು. ನಿಮ್ಮದೇ ಹೆಸರಿನಲ್ಲಿ ಒಂದು ಮಾಡಿಸಿಕೊಂಡು ವಾರಕ್ಕೊಮ್ಮೆ ತೆರೆದು ನೋಡಿ.

ತಕರಾರು ಬಂದರೆ ಹೆದರಬೇಡಿ

ಅರ್ಜಿ ಹಾಕಿದ ಕೂಡಲೇ ಸಂಖ್ಯೆ ಸಿಗುತ್ತದೆ. ಆ ದಿನದಿಂದ ಹೆಸರಿನ ಪಕ್ಕ 'ಟಿಎಂ' ಎಂದು ಬರೆದುಕೊಳ್ಳಬಹುದು. ವೃತ್ತದೊಳಗಿನ 'ಆರ್' ಗುರುತು ಮಾತ್ರ ನೋಂದಣಿ ಪೂರ್ಣವಾದ ಮೇಲೆಯೇ. ಮೊದಲೇ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಪೇಟೆಯಲ್ಲಿ ನೋಡಿದ್ದೇ ಚೆಂದವೆಂದು ಪ್ರೆಸ್ಸಿನವರು ತಾವಾಗಿ ಅದನ್ನು ಸೇರಿಸಿಬಿಡುತ್ತಾರೆ, ಗಮನಿಸಿ.

ಕೆಲವು ಕಾಲದ ನಂತರ ಪರೀಕ್ಷಾ ವರದಿ ಬರುತ್ತದೆ. ಅದರಲ್ಲಿ ಆಕ್ಷೇಪ ಇರುವುದು ಬಹಳ ಸಾಮಾನ್ಯ, ಅರ್ಜಿ ತಿರಸ್ಕಾರವಾಯಿತೆಂದು ಅದರ ಅರ್ಥವಲ್ಲ. ಆದರೆ ವರದಿ ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡದಿದ್ದರೆ ಅರ್ಜಿಯನ್ನು ಕೈಬಿಟ್ಟಿದ್ದೀರೆಂದು ಪರಿಗಣಿಸಬಹುದು. ಆಕ್ಷೇಪ 11ನೆಯ ಕಲಮಿನದಾಗಿದ್ದರೆ, ನಿಮ್ಮದನ್ನು ಹೋಲುವ ಹೆಸರುಗಳ ಪಟ್ಟಿ ಜೊತೆಗಿರುತ್ತದೆ. ಒಂದೊಂದನ್ನೇ ತೆಗೆದುಕೊಂಡು ನೋಡಲು ಹೇಗೆ ಬೇರೆ, ಕೇಳಲು ಹೇಗೆ ಬೇರೆ, ಸರಕು ಹೇಗೆ ಬೇರೆ ಎಂದು ಸರಳವಾಗಿ ಬರೆಯಿರಿ.

ಹಾಗೆ ವಾದಿಸಿ ಗೆದ್ದ ಪ್ರಕರಣವೂ ನಮ್ಮ ರಾಜ್ಯದ್ದೇ. ಕರ್ನಾಟಕ ಹಾಲು ಮಹಾಮಂಡಳದ 'ನಂದಿನಿ' ಹೆಸರು 1985ರಿಂದ ಇದೆ. ಬೆಂಗಳೂರಿನಲ್ಲಿ 'ನಂದಿನಿ ಡಿಲಕ್ಸ್' ಎಂಬ ಹೋಟೆಲಿನವರು 1989ರಿಂದ ಆ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಬರೆಯುವಾಗ ಒಂದಕ್ಷರ ಮಾತ್ರ ಹೆಚ್ಚು. ಮಹಾಮಂಡಳ ವಿರೋಧಿಸಿತು. ವರ್ಷಗಟ್ಟಲೆ ನಡೆದ ವ್ಯಾಜ್ಯ 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಒಂದರ ಲೋಗೋದಲ್ಲಿ ಹಸು, ಇನ್ನೊಂದರಲ್ಲಿ ದೀಪ. ಒಂದು ಹಾಲಿನ ಸರಕು, ಇನ್ನೊಂದು ಹೋಟೆಲಿನ ತಿಂಡಿ. ಜನ ಗೊಂದಲಕ್ಕೊಳಗಾಗುವುದಿಲ್ಲ ಎಂದು ಕೋರ್ಟು ಹೋಟೆಲಿನವರ ಪರ ತೀರ್ಪು ಕೊಟ್ಟಿತು, ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಆ ಹೆಸರು ಕೂಡದೆಂದಿತು. ಒಂದೇ ಹೆಸರು ಕಂಡ ಕೂಡಲೇ ಕೈಚೆಲ್ಲಬೇಕಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಹಾಗೆಂದು ಇನ್ನೊಬ್ಬರ ಪ್ರಸಿದ್ಧ ಹೆಸರಿನ ನೆರಳಿನಲ್ಲಿ ವ್ಯಾಪಾರ ಮಾಡುವ ಯೋಚನೆ ಬೇಡ, ಅದಕ್ಕೆ ಕೋರ್ಟು ಒಲಿಯುವುದಿಲ್ಲ.

ಉತ್ತರದಿಂದ ತೃಪ್ತಿಯಾಗದಿದ್ದರೆ ಅಧಿಕಾರಿ ವಿಚಾರಣೆಗೆ ಕರೆಯುತ್ತಾರೆ. ಈಗ ಅದು ವಿಡಿಯೊ ಮೂಲಕ ನಡೆಯುವುದರಿಂದ ಚೆನ್ನೈ ರೈಲು ಹತ್ತಬೇಕಾಗಿಲ್ಲ, ಮನೆಯಲ್ಲಿಯೇ ಕುಳಿತು ನೀವೇ ಮಾತನಾಡಬಹುದು. ಒಪ್ಪಿಗೆಯಾದರೆ ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಯಾರೂ ಬಾರದಿದ್ದರೆ ಪ್ರಮಾಣಪತ್ರ ಬರುತ್ತದೆ. ವಿರೋಧ ಬಂದರೆ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಕೊಡಲೇಬೇಕು. ಇಲ್ಲಿಯವರೆಗೆ ಎಲ್ಲವನ್ನೂ ಸ್ವತಃ ಮಾಡಿ, ಆದರೆ ಈ ಹಂತದಲ್ಲಿ ವಕೀಲರನ್ನು ಹಿಡಿಯಿರಿ ಎಂದೇ ನಾನು ಹೇಳುವುದು. ಇಲ್ಲಿಂದ ಮುಂದೆ ಅದು ಇಬ್ಬರ ನಡುವಿನ ವ್ಯಾಜ್ಯ.

ನಿಮ್ಮ ವಿಳಾಸ ಸಾರ್ವಜನಿಕ ದಾಖಲೆಯಲ್ಲಿ ಬರುವುದರಿಂದ ನಾನಾ ಕಡೆಗಳಿಂದ ಫೋನು, ಪತ್ರ ಬರಲು ತೊಡಗುತ್ತವೆ. 'ನಿಮ್ಮ ಟ್ರೇಡ್‌ಮಾರ್ಕ್ ರದ್ದಾಗುತ್ತದೆ, ಇಷ್ಟು ಕಟ್ಟಿ' ಎನ್ನುವವರಿಗೆ ಒಂದು ಕಾಸೂ ಕೊಡಬೇಡಿ. ಅರ್ಜಿ ಸಂಖ್ಯೆ ಹಾಕಿ ಸರಕಾರಿ ಜಾಲತಾಣದಲ್ಲಿಯೇ ಸ್ಥಿತಿ ನೋಡಿಕೊಳ್ಳಿ.

ನೋಂದಣಿಯಾದ ಮೇಲೆ ಯಾರಾದರೂ ನಿಮ್ಮ ಹೆಸರು ಕದ್ದರೆ ಅವರ ಊರಿಗೆ ಹೋಗಿ ದಾವೆ ಹೂಡಬೇಕೆಂದಿಲ್ಲ. ಕದ್ದವರು ದಿಲ್ಲಿಯವರಾದರೂ ನೀವು ವಾಸಿಸುವ, ವ್ಯಾಪಾರ ಮಾಡುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಲು ಕಾಯಿದೆ ಅವಕಾಶ ಕೊಟ್ಟಿದೆ. ಕಾಪುವಿನವರಿಗೂ ಕಾರ್ಕಳದವರಿಗೂ ಅದು ಉಡುಪಿ.

ಪ್ರಮಾಣಪತ್ರದ ಬಾಳಿಕೆ ಹತ್ತು ವರ್ಷ. ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ, ಪ್ರಮಾಣಪತ್ರ ಕೈಗೆ ಬಂದ ದಿನದಿಂದಲ್ಲ. ನವೀಕರಣಕ್ಕೆ ಅಂತರ್ಜಾಲದಲ್ಲಿ ವರ್ಗಕ್ಕೆ 9,000 ರೂಪಾಯಿ. ಹೀಗೆ ಹತ್ತು ಹತ್ತು ವರ್ಷ ಎಷ್ಟು ಸಲವಾದರೂ ಮುಂದುವರಿಸಬಹುದು. ಅರ್ಜಿಯ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆದು, ಜಾಗದ ಪಹಣಿ ಇಡುವ ಕವರಿನೊಳಗೆ ಇದನ್ನೂ ಇಟ್ಟುಬಿಡಿ.